ಹಳೆಯ ಮಡೇರಾ ವೈನ್ ಕೂಡಿಡುವವರಿಗೆ: ಬಾಟಲಿಯ ಮೇಲಿನ ಎರಡು ಇಸವಿಗಳನ್ನು ಓದುವ ಬಗೆ

ನೂರು ವರ್ಷ ಹಳೆಯ ವೈನ್ ಒಂದನ್ನು ಬದುಕಿನಲ್ಲಿ ಒಮ್ಮೆಯಾದರೂ ಕುಡಿದು ನೋಡಬೇಕು ಎಂಬ ಆಸೆ ಇರುವವರಿಗೆ ನಾನು ಕೊಡುವ ಸಲಹೆ ಒಂದೇ: ಫ್ರಾನ್ಸಿನ ಬೋರ್ಡೋ, ಬರ್ಗಂಡಿ ವೈನ್‌ಗಳ ಹಿಂದೆ ಹೋಗಬೇಡಿ, ಮಡೇರಾ ಹುಡುಕಿ. ಆ ವಯಸ್ಸಿಗೆ ಬೇರೆ ವೈನ್‌ಗಳು ಬಹುಪಾಲು ಸತ್ತೇ ಹೋಗಿರುತ್ತವೆ. ಬದುಕಿದ್ದರೂ ಅದು ಅದೃಷ್ಟದ ಮಾತು. ಮಡೇರಾ ಹಾಗಲ್ಲ. 19ನೇ ಶತಮಾನದ ಮಡೇರಾ ಇಂದಿಗೂ ಲೋಟದಲ್ಲಿ ಘಮಘಮಿಸುತ್ತದೆ, ನಾಲಿಗೆಯ ಮೇಲೆ ಚುರುಕಾಗಿ ಓಡಾಡುತ್ತದೆ.

ಆದರೆ ಈ ಆಸೆ ವರ್ಷದಿಂದ ವರ್ಷಕ್ಕೆ ದುಬಾರಿಯಾಗುತ್ತಿದೆ. ಹಿಂದೆ ತಿಳಿದವರು ಮಾತ್ರ ಕೇಳುತ್ತಿದ್ದ ಇಸವಿಗಳು ಈಗ ವ್ಯಾಪಾರಿಗಳ ಪಟ್ಟಿಯಿಂದ ಒಂದೊಂದಾಗಿ ಮರೆಯಾಗುತ್ತಿವೆ, ಉಳಿದವುಗಳ ಬೆಲೆ ಏರುತ್ತಿದೆ. ಇಂಥ ಹೊತ್ತಿನಲ್ಲಿ ಅವಸರಕ್ಕೆ ಬಿದ್ದು ಕೊಂಡರೆ ದುಡ್ಡೂ ಹೋಯಿತು, ವೈನೂ ಸಿಗಲಿಲ್ಲ ಎಂದಾಗುತ್ತದೆ. ಹಾಗಾಗಿ ಮೊದಲು ಏನು ತಿಳಿದುಕೊಳ್ಳಬೇಕು, ಎಲ್ಲಿ ಕೊಳ್ಳಬೇಕು, ಕೊಂಡದ್ದನ್ನು ಹೇಗೆ ಇಡಬೇಕು, ಹೇಗೆ ತೆರೆಯಬೇಕು ಎಂಬುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು: ಇದು ಯಾಕೆ ಕೆಡುವುದಿಲ್ಲ, ಯಾಕೆ ಸಿಗುವುದಿಲ್ಲ

ಮಡೇರಾ ಅಟ್ಲಾಂಟಿಕ್ ಸಾಗರದ ನಡುವೆ, ಮೊರಾಕೊ ಕರಾವಳಿಯ ಪಶ್ಚಿಮಕ್ಕಿರುವ, ಪೋರ್ಚುಗಲ್‌ಗೆ ಸೇರಿದ ಕಡಿದಾದ ಬೆಟ್ಟಗಳ ದ್ವೀಪ. ರಾಜಧಾನಿ ಫುಂಚಾಲ್. ಯೂರೋಪಿನಿಂದ ಅಮೆರಿಕಕ್ಕೂ ಭಾರತಕ್ಕೂ ಹೊರಟ ಹಡಗುಗಳು ಇಲ್ಲಿ ನಿಂತು ನೀರು, ಆಹಾರದ ಜೊತೆ ವೈನ್ ಪೀಪಾಯಿಗಳನ್ನೂ ತುಂಬಿಕೊಳ್ಳುತ್ತಿದ್ದವು. ಉಷ್ಣವಲಯದ ಬಿಸಿಲಿನಲ್ಲಿ ತಿಂಗಳುಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ಬೆಂದ ವೈನ್ ಕೆಡುವ ಬದಲು ಇನ್ನಷ್ಟು ರುಚಿಯಾಗಿದ್ದನ್ನು ವ್ಯಾಪಾರಿಗಳು ಗಮನಿಸಿದರು. ಕೊನೆಗೆ ಹಾಗೆ ಸುತ್ತಿಸಿ ತರಲೆಂದೇ ಪೀಪಾಯಿಗಳನ್ನು ಹಡಗಿಗೆ ಏರಿಸುವ ರೂಢಿ ಬಂತು. ಅಂಥ ವೈನ್‌ಗೆ ‘ವಿನ್ಯು ದ ರೋಡಾ’ ಎಂದು ಹೆಸರು. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಮದ್ರಾಸು, ಕಲ್ಕತ್ತಗಳಿಗೆ ಬಂದ ಮಡೇರಾ ಇಲ್ಲಿನ ಇಂಗ್ಲಿಷರ ಊಟದ ಮೇಜಿನ ನಿತ್ಯದ ಪಾನೀಯವಾಗಿತ್ತು. ‘ಈಸ್ಟ್ ಇಂಡಿಯಾ ಮಡೇರಾ’ ಎಂಬ ಹೆಸರೇ ಲಂಡನ್ನಿನ ಮಾರುಕಟ್ಟೆಯಲ್ಲಿ ಗುಣಮಟ್ಟದ ಗುರುತಾಗಿತ್ತು.

ಈಗ ಆ ಬಿಸಿಯನ್ನು ದ್ವೀಪದಲ್ಲೇ ಕೊಡುತ್ತಾರೆ. ದ್ರಾಕ್ಷಿರಸ ಹುದುಗುತ್ತಿರುವಾಗ 96 ಪ್ರತಿಶತದ ದ್ರಾಕ್ಷಿ ಸ್ಪಿರಿಟ್ ಬೆರೆಸಿ ಹುದುಗನ್ನು ನಿಲ್ಲಿಸುತ್ತಾರೆ. ಆಮೇಲೆ ಎರಡು ದಾರಿ. ಅಗ್ಗದ ವೈನನ್ನು ತೊಟ್ಟಿಗಳಲ್ಲಿ 45ರಿಂದ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ ಮೂರು ತಿಂಗಳು ಬಿಸಿ ಮಾಡುತ್ತಾರೆ. ಇದು ಎಸ್ಟುಫಾಜೆಮ್. ಒಳ್ಳೆಯ ವೈನನ್ನು ಪೀಪಾಯಿಗೆ ತುಂಬಿ, ಬಿಸಿಲು ಕಾಯುವ ಅಟ್ಟದ ಮೇಲೆ ವರ್ಷಾನುಗಟ್ಟಲೆ ಬಿಡುತ್ತಾರೆ. ಇದು ಕಾಂಟೇರೊ. ಕೂಡಿಡಲು ಯೋಗ್ಯವಾದದ್ದೆಲ್ಲ ಈ ಎರಡನೆಯ ದಾರಿಯಲ್ಲಿ ಬಂದದ್ದೇ. ಬಿಸಿ ಮತ್ತು ಗಾಳಿ, ವೈನ್‌ನ ಎರಡು ದೊಡ್ಡ ಶತ್ರುಗಳು. ಇವೆರಡನ್ನೂ ಮಡೇರಾ ಹುಟ್ಟಿನಲ್ಲೇ ಉಂಡು ಜೀರ್ಣಿಸಿಕೊಂಡಿರುತ್ತದೆ. ಅದರ ಜೊತೆಗೆ 17ರಿಂದ 22 ಪ್ರತಿಶತ ಮದ್ಯಸಾರ, ಜ್ವಾಲಾಮುಖಿಯ ಮಣ್ಣಿನಲ್ಲಿ ಬೆಳೆದ ದ್ರಾಕ್ಷಿಯ ತೀಕ್ಷ್ಣ ಹುಳಿ. ಇನ್ನು ಕೆಡಿಸಲು ಉಳಿದಿರುವುದು ಕಡಿಮೆ.

ಕೊರತೆಯ ಮೂಲವೂ ಆ ಅಟ್ಟದಲ್ಲೇ ಇದೆ. ಪೀಪಾಯಿಯ ಮರದ ಮೂಲಕ ವೈನ್ ಪ್ರತಿ ವರ್ಷ ಆವಿಯಾಗುತ್ತದೆ. ವರ್ಷಕ್ಕೆ 3 ಪ್ರತಿಶತ ಹೋಯಿತು ಎಂದು ಇಟ್ಟುಕೊಂಡು ಲೆಕ್ಕ ಹಾಕಿ. 100 ಲೀಟರ್ ಇದ್ದದ್ದು 20 ವರ್ಷಕ್ಕೆ ಸುಮಾರು 54 ಲೀಟರ್ ಆಗುತ್ತದೆ, 50 ವರ್ಷಕ್ಕೆ 22, ನೂರು ವರ್ಷಕ್ಕೆ 5 ಲೀಟರಿಗೂ ಕಡಿಮೆ. ನಿಮ್ಮ ಕೈಯಲ್ಲಿರುವ ಹಳೆಯ ಬಾಟಲಿಯ ಹಿಂದೆ ಗಾಳಿಗೆ ಹೋದ ಹತ್ತಾರು ಬಾಟಲಿಗಳಿವೆ. ಬೆಲೆಯನ್ನು ಕಂಡು ಹೌಹಾರುವ ಮೊದಲು ಇದನ್ನು ನೆನೆಯಬೇಕು.

ಇತಿಹಾಸವೂ ಕೈಕೊಟ್ಟಿದೆ. 1850ರ ದಶಕದ ಆರಂಭದಲ್ಲಿ ಓಯ್ಡಿಯಮ್ ಎಂಬ ಬೂದಿರೋಗ ದ್ವೀಪದ ಬಳ್ಳಿಗಳನ್ನು ಸುಟ್ಟುಹಾಕಿತು. ಚೇತರಿಸಿಕೊಳ್ಳುವಷ್ಟರಲ್ಲಿ 1872ರ ಸುಮಾರಿಗೆ ಬೇರು ತಿನ್ನುವ ಫಿಲಾಕ್ಸೆರಾ ಬಂತು. ರೈತರು ಕಬ್ಬು, ಬಾಳೆಗೆ ತಿರುಗಿದರು, ಎಷ್ಟೋ ವ್ಯಾಪಾರಿಗಳು ಬಾಗಿಲು ಮುಚ್ಚಿ ಹೊರಟುಹೋದರು. 1917ರ ಕ್ರಾಂತಿಯಲ್ಲಿ ರಷ್ಯದ ಮಾರುಕಟ್ಟೆ ಹೋಯಿತು, 1920ರ ಪಾನನಿಷೇಧದಲ್ಲಿ ಅಮೆರಿಕದ್ದೂ ಹೋಯಿತು. ಬೇಡಿಕೆ ಇಲ್ಲದ ಆ ದಶಕಗಳಲ್ಲಿ ಶ್ರೇಷ್ಠ ತಳಿಗಳ ವೈನನ್ನು ಅಟ್ಟದಲ್ಲಿಟ್ಟು ಕಾಯುವ ಧೈರ್ಯ ಕೆಲವರಿಗೆ ಮಾತ್ರ ಇತ್ತು. ಇಂದು ನಾವು ಹುಡುಕುವುದು ಆ ಕೆಲವರು ಉಳಿಸಿದ್ದನ್ನೇ. ಇವತ್ತಿಗೂ ಮಡೇರಾ ವೈನ್‌ಗೆ ದ್ರಾಕ್ಷಿ ಬೆಳೆಯುವ ಜಾಗ 400ರಿಂದ 500 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಸಾವಿರದಿಂದ ಸಾವಿರದಿನ್ನೂರು ಎಕರೆ. ಅದೂ ಬೆಟ್ಟದ ಇಳಿಜಾರಿನಲ್ಲಿ ಕಲ್ಲುಕಟ್ಟೆ ಕಟ್ಟಿ ಮಾಡಿದ ಅಂಗೈಯಗಲದ ತುಂಡುಗಳು. ಹೆಚ್ಚಿನದರಲ್ಲಿ ಬೆಳೆಯುವುದು ಟಿಂಟಾ ನೆಗ್ರಾ ಎಂಬ ಸಾಮಾನ್ಯ ದ್ರಾಕ್ಷಿ ತಳಿ. ಬೇಡಿಕೆ ಏರಿತೆಂದು, ಶ್ರೇಷ್ಠ ತಳಿಗಳಲ್ಲೊಂದಾದ ಬುವಾಲ್‌ನ 1920ರ ವೈನನ್ನು ಮತ್ತೆ ತಯಾರಿಸಲಾಗದು.

ಎರಡನೆಯದು: ಲೇಬಲ್ಲಿನ ಭಾಷೆ ಕಲಿಯಿರಿ

ಹಣ ಖರ್ಚು ಮಾಡುವ ಮುನ್ನ ಈ ಪದಗಳು ಬಾಯಿಪಾಠವಾಗಿರಬೇಕು.

ತಳಿಗಳ ಹೆಸರು ಸಿಹಿಯ ಮಟ್ಟವನ್ನೂ ಹೇಳುತ್ತದೆ. ಸೆರ್ಸಿಯಾಲ್ ಎಲ್ಲಕ್ಕಿಂತ ಒಣ, ಎಂದರೆ ಸಿಹಿ ತೀರ ಕಡಿಮೆ, ಹುಳಿ ಹೆಚ್ಚು. ವರ್ಡೆಲ್ಯೊ ಅದಕ್ಕಿಂತ ತುಸು ಮೆದು. ಬುವಾಲ್‌ಗೆ ಮಧ್ಯಮ ಸಿಹಿ, ಮಾಲ್ವಸಿಯಾ ತುಂಬು ಸಿಹಿ. ಇದನ್ನೇ ಇಂಗ್ಲಿಷರು ಮಾಮ್ಸಿ ಎನ್ನುತ್ತಾರೆ. ಇವಲ್ಲದೆ ಟೆರಾಂಟೆಜ್ ಎಂಬ ಅಪರೂಪದ ತಳಿಯಿದೆ. ಸಿಹಿಯಾಗಿ ಶುರುವಾಗಿ ಹಿತವಾದ ಕಹಿಯಲ್ಲಿ ಮುಗಿಯುವ ಇದು ಸಂಗ್ರಾಹಕರು ಮುಗಿಬೀಳುವ ವೈನ್. ಬೆಳೆಯುವ ಜಾಗ ತೀರ ಕಡಿಮೆ, ಬೆಲೆ ಅದಕ್ಕೆ ತಕ್ಕಂತೆ. ಬಾಸ್ಟಾರ್ಡೊ ಇನ್ನೂ ಅಪರೂಪ.

‘10 ವರ್ಷ’, ‘20 ವರ್ಷ’ ಎಂದು ಬರೆದಿದ್ದರೆ ಅದು ಹಲವು ವರ್ಷಗಳ ಮಿಶ್ರಣ. ‘ಕೊಲ್ಯೇಟಾ’ ಎಂದರೆ ಒಂದೇ ವರ್ಷದ ಫಸಲು, ಪೀಪಾಯಿಯಲ್ಲಿ ಕನಿಷ್ಠ 5 ವರ್ಷ. ‘ಫ್ರಸ್ಕೇರಾ’ ಎಂದರೆ ಒಂದೇ ವರ್ಷದ, ಒಂದೇ ತಳಿಯ, ಮರದಲ್ಲಿ ಕನಿಷ್ಠ 20 ವರ್ಷ ಮಾಗಿದ ವೈನ್. ಇದೇ ಶಿಖರ. ‘ಹಳೆಯ ಮಡೇರಾ’ ಎಂದು ಸಂಗ್ರಾಹಕರು ಹೇಳುವುದು ಬಹುತೇಕ ಇದನ್ನೇ.

‘ಸೊಲೇರಾ’ ಎಂಬ ಪದ ಕಂಡರೆ ನಿಲ್ಲಿ. ‘ಸೊಲೇರಾ 1863’ ಎಂದರೆ ಬಾಟಲಿಯಲ್ಲಿರುವುದು 1863ರ ವೈನ್ ಎಂದಲ್ಲ. ಆ ಪದ್ಧತಿ 1863ರ ವೈನ್‌ನಿಂದ ಆರಂಭವಾಗಿ, ತೆಗೆದಷ್ಟಕ್ಕೆ ಹೊಸ ವೈನ್ ಸೇರಿಸುತ್ತಾ ಬಂದದ್ದು. ಹಳೆಯ ಸೊಲೇರಾಗಳಲ್ಲಿ ಅದ್ಭುತವಾದವು ಇವೆ, ನನಗೆ ಅವುಗಳ ಮೇಲೆ ಪ್ರೀತಿಯೂ ಇದೆ. ಆದರೆ ಫ್ರಸ್ಕೇರಾ ಬೆಲೆಗೆ ಸೊಲೇರಾ ಕೊಳ್ಳಬಾರದು. ಮಾರುವವರು ದೊಡ್ಡ ಅಕ್ಷರದಲ್ಲಿ ಇಸವಿ, ಸಣ್ಣ ಅಕ್ಷರದಲ್ಲಿ ಸೊಲೇರಾ ಎಂದು ಬರೆದಾಗ ಕಣ್ಣು ತಪ್ಪುವುದು ಸುಲಭ.

ಇನ್ನೊಂದು ಜಾಗ್ರತೆ. ಪೋರ್ಚುಗಲ್ 1986ರಲ್ಲಿ ಯೂರೋಪಿಯನ್ ಸಮುದಾಯ ಸೇರಿದ ನಂತರ, ತಳಿಯ ಹೆಸರು ಹಾಕಬೇಕಾದರೆ ಕನಿಷ್ಠ 85 ಪ್ರತಿಶತ ಅದೇ ತಳಿ ಇರಬೇಕೆಂಬ ನಿಯಮ ಬಂತು. ಅದಕ್ಕೆ ಮುಂಚಿನ, ಇಸವಿ ಇಲ್ಲದ ಸಾಮಾನ್ಯ ಬಾಟಲಿಯ ಮೇಲೆ ‘ಬುವಾಲ್’ ಅಥವಾ ‘ಸೆರ್ಸಿಯಾಲ್’ ಎಂದಿದ್ದರೆ ಅದು ಬರಿ ಶೈಲಿಯ ಹೆಸರಾಗಿರುವ ಸಾಧ್ಯತೆ ದೊಡ್ಡದು; ಒಳಗಿರುವುದು ಟಿಂಟಾ ನೆಗ್ರಾ. ಅಜ್ಜನ ಕಾಲದ ಬಾಟಲಿ ಎಂದು ಹೇಳಿ ಇಂಥವನ್ನು ದುಬಾರಿಗೆ ಮಾರುತ್ತಾರೆ.

ಮೂರನೆಯದು: ಎರಡು ಇಸವಿ, ಎರಡೂ ಮುಖ್ಯ

ಈ ಲೇಖನದಿಂದ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಫಸಲಿನ ಇಸವಿ ಅರ್ಧ ಕತೆ ಮಾತ್ರ. ಇನ್ನರ್ಧ ಬಾಟಲಿಗೆ ತುಂಬಿದ ಇಸವಿಯಲ್ಲಿದೆ.

1920ರ ಬುವಾಲ್‌ನ ಎರಡು ಬಾಟಲಿಗಳು ನಿಮ್ಮ ಮುಂದಿವೆ ಎಂದುಕೊಳ್ಳಿ. ಒಂದನ್ನು 1950ರಲ್ಲಿ ತುಂಬಿದ್ದಾರೆ, ಇನ್ನೊಂದನ್ನು 2005ರಲ್ಲಿ. ಮೊದಲನೆಯದು ಮರದಲ್ಲಿ 30 ವರ್ಷ ಇದ್ದು, ಉಳಿದ ಕಾಲವನ್ನು ಗಾಜಿನಲ್ಲಿ ಕಳೆದಿದೆ. ಎರಡನೆಯದು ಸುಮಾರು 85 ವರ್ಷ ಆವಿಯಾಗುತ್ತಾ, ಗಟ್ಟಿಯಾಗುತ್ತಾ, ಹುಳಿ, ಸಿಹಿ, ಮದ್ಯಸಾರ ಮೂರೂ ಒತ್ತೊತ್ತಾಗುತ್ತಾ ಬಂದಿದೆ. ಎರಡೂ ಒಂದೇ ತೋಟದ ಒಂದೇ ಸುಗ್ಗಿಯಿಂದ ಬಂದಿದ್ದರೂ ಲೋಟದಲ್ಲಿ ಬೇರೆ ಬೇರೆ ವೈನ್‌ಗಳು. ಮೊದಲನೆಯದು ತೆಳುವಾಗಿ, ನಾಜೂಕಾಗಿ, ಸೂಕ್ಷ್ಮ ಪರಿಮಳಗಳೊಂದಿಗೆ ಬರುತ್ತದೆ. ಎರಡನೆಯದು ದಟ್ಟ, ಗಾಢ ಕಂದು, ಅಂಚಿನಲ್ಲಿ ಹಸಿರು ಮಿಂಚು. ಬಾಯಲ್ಲಿ ಹುಣಸೆಹಣ್ಣು ಕಿವುಚಿದ ಜೋನಿಬೆಲ್ಲದಂತೆ ಹುಳಿ ಸಿಹಿಗಳು ಒಟ್ಟಿಗೇ ಎಳೆದಾಡುತ್ತವೆ. ಯಾವುದು ಮೇಲು ಎಂಬುದು ರುಚಿಗೆ ಬಿಟ್ಟದ್ದು. ನನ್ನ ಒಲವು ಮೊದಲನೆಯದರ ಕಡೆಗೆ, ಮಾರುಕಟ್ಟೆಯ ಒಲವು ಹೆಚ್ಚಾಗಿ ಎರಡನೆಯದರ ಕಡೆಗೆ. ಕೊಳ್ಳುವವರಿಗೆ ಇದು ಅನುಕೂಲವೂ ಹೌದು.

ನಡುವೆ ಮೂರನೆಯ ಸ್ಥಿತಿಯೂ ಇದೆ. ಇನ್ನು ಆವಿಯಾಗುವುದು ಸಾಕು ಎನಿಸಿದಾಗ ಪೀಪಾಯಿಯ ವೈನನ್ನು ಡೆಮಿಜಾನ್ ಎಂಬ ದೊಡ್ಡ ಗಾಜಿನ ಬುರುಡೆಗಳಿಗೆ ವರ್ಗಾಯಿಸುತ್ತಾರೆ. ಅಲ್ಲಿ ಮಾಗುವಿಕೆ ಬಹುಮಟ್ಟಿಗೆ ನಿಂತಂತೆ. ಹತ್ತಾರು ವರ್ಷ ಅದರಲ್ಲಿದ್ದು ಆಮೇಲೆ ಬಾಟಲಿಗೆ ಬಂದ ವೈನ್‌ಗೆ, ಬಾಟಲಿಯ ಇಸವಿ ನೋಡಿ ಮರದ ವಯಸ್ಸು ಲೆಕ್ಕ ಹಾಕಿದರೆ ತಪ್ಪುತ್ತದೆ. ಮಾರುವವರನ್ನು ನೇರವಾಗಿ ಕೇಳಿ: ಮರದಲ್ಲಿ ಎಷ್ಟು ವರ್ಷ, ಡೆಮಿಜಾನ್‌ನಲ್ಲಿ ಎಷ್ಟು ವರ್ಷ, ಬಾಟಲಿಗೆ ಯಾವಾಗ? ತಿಳಿದವರು ಉತ್ತರಿಸುತ್ತಾರೆ. ತಡವರಿಸುವವರಿಂದ ದುಬಾರಿ ಬಾಟಲಿ ಕೊಳ್ಳಬೇಡಿ.

ನಾಲ್ಕನೆಯದು: ಮನೆತನಗಳ ಪರಿಚಯ

ದ್ವೀಪದಲ್ಲಿ ಈಗ ಉಳಿದಿರುವ ಉತ್ಪಾದಕರು ಬೆರಳೆಣಿಕೆಯಷ್ಟು. ಅದು ಕಲಿಯುವವರಿಗೆ ಸಲೀಸು.

ಪೆರೇರಾ ಡಿ’ಒಲಿವೇರಾ, ಜನ ಬಳಸುವ ಹೆಸರು ಡಿ’ಒಲಿವೇರಾಸ್, 1850ರಲ್ಲಿ ಶುರುವಾದ ಮನೆತನ. ಫುಂಚಾಲದ ರುವಾ ದುಸ್ ಫೆರೇರುಸ್ ಬೀದಿಯಲ್ಲಿ ಅವರ ಹಳೆಯ ಮಳಿಗೆ. ಹಳೆಯ ಫ್ರಸ್ಕೇರಾಗಳ ದಾಸ್ತಾನಿಗೆ ಇವರು ಹೆಸರುವಾಸಿ. ವೈನನ್ನು ಮರದಲ್ಲೇ ಇಟ್ಟು, ಬೇಕಾದಾಗ ಬೇಕಾದಷ್ಟು ಬಾಟಲಿಗೆ ತುಂಬುತ್ತಾರೆ. ಅವರ ಬಾಟಲಿಯನ್ನು ಕೈಗೆತ್ತಿಕೊಂಡು ನಿಧಾನವಾಗಿ ನೋಡಿ. ಕಪ್ಪು ಗಾಜಿನ ಮೇಲೆ ಸ್ಟೆನ್ಸಿಲ್ ತಗಡಿನಿಂದ ಒತ್ತಿದ ಬಿಳಿ ಬಣ್ಣದ ಅಕ್ಷರಗಳು: ತಳಿ, ಇಸವಿ, ಮನೆತನದ ಹೆಸರು. ಬೆರಳಾಡಿಸಿದರೆ ಬಣ್ಣದ ಸಣ್ಣ ಉಬ್ಬು ತಿಳಿಯುತ್ತದೆ. ಕಾಗದದ ಲೇಬಲ್ ತೇವಕ್ಕೂ ಹುಳಕ್ಕೂ ಬಲಿಯಾಗುತ್ತದೆ, ಬಣ್ಣ ಉಳಿಯುತ್ತದೆ; ಈ ಪದ್ಧತಿ ದ್ವೀಪದಲ್ಲಿ ಹಳೆಯದು. ಬಾಯಿಗೆ ಅರಗು, ಮತ್ತು ಹಿಂಬದಿಯಲ್ಲಿ ನಮಗೆ ಬೇಕಾದ ಆ ಎರಡನೆಯ ಇಸವಿ, ಬಾಟಲಿಗೆ ತುಂಬಿದ ವರ್ಷ. ಹೊಸಬರಿಗೆ ಇವರಿಂದಲೇ ಆರಂಭಿಸಿ ಎನ್ನುತ್ತೇನೆ. ಕಾರಣ ಸರಳ: ವೈನ್ ಅವರ ಮಳಿಗೆಯ ಮರದಿಂದಲೇ ಬಾಟಲಿಗೆ ಬಂದದ್ದು, ತುಂಬಿದ ವರ್ಷವೂ ಅದರ ಮೇಲೆಯೇ ಇದೆ.

ಬ್ಲಾಂಡೀಸ್ 1811ರಿಂದ ಅದೇ ಕುಟುಂಬದ ಹೆಸರಿನಲ್ಲಿ ನಡೆದು ಬಂದಿದೆ. ಕೊಸ್ಸಾರ್ಟ್ ಗಾರ್ಡನ್ ಇನ್ನೂ ಹಳೆಯದು, 1745ರದ್ದು, ಲೀಕಾಕ್ 1760ರದ್ದು. 20ನೇ ಶತಮಾನದ ಕಷ್ಟಕಾಲದಲ್ಲಿ ಇಂಥ ಹಲವು ಹೆಸರುಗಳು ಮಡೇರಾ ವೈನ್ ಕಂಪನಿ ಎಂಬ ಒಂದೇ ಸಂಸ್ಥೆಯಡಿ ಬಂದವು. ಹಾಗಾಗಿ ಹರಾಜಿನಲ್ಲಿ ಇವುಗಳ ಹಳೆಯ ಬಾಟಲಿ ಕಂಡಾಗ, ಸ್ವತಂತ್ರವಾಗಿದ್ದ ಕಾಲದ್ದೋ ಒಂದಾದ ಮೇಲಿನದ್ದೋ ಎಂದು ನೋಡುವುದು ಒಳ್ಳೆಯದು. ಬಾರ್ಬೇಟೊ 1946ರಲ್ಲಿ ಬಂದ ಕಿರಿಯ ಮನೆತನ. ಆಯ್ದ ಒಂದೊಂದು ಪೀಪಾಯಿಯನ್ನೇ ಪ್ರತ್ಯೇಕ ಬಾಟಲಿ ಮಾಡಿ, ತಿಳಿಯಾದ, ಚುರುಕಾದ ಶೈಲಿಯಿಂದ ಹೊಸ ತಲೆಮಾರನ್ನು ಈ ವೈನ್‌ನತ್ತ ಸೆಳೆದವರಲ್ಲಿ ಇವರು ಮುಂದು. ಎನ್ರಿಕ್ಸ್ ಇ ಎನ್ರಿಕ್ಸ್, ಎಚ್.ಎಂ. ಬೋರ್ಜಸ್, ಜುಸ್ಟಿನೋಸ್ ಕೂಡ ಗಮನಿಸಬೇಕಾದವರು.

ಈಗ ಇಲ್ಲದ ಸಣ್ಣ ವ್ಯಾಪಾರಿಗಳ, ಖಾಸಗಿ ಕುಟುಂಬಗಳ ಬಾಟಲಿಗಳೂ ಮಾರುಕಟ್ಟೆಗೆ ಬರುತ್ತವೆ. ಕೆಲವದರ ಮೇಲೆ ಎರಡು ಮೂರು ಅಕ್ಷರಗಳ ಗುರುತು ಬಿಟ್ಟರೆ ಬೇರೇನೂ ಇರುವುದಿಲ್ಲ. ಅತಿ ಶ್ರೇಷ್ಠವಾದದ್ದೂ ಅತಿ ಮೋಸದ್ದೂ ಇಲ್ಲೇ ಸಿಗುವುದು. ವರ್ಷಗಳ ಅಭ್ಯಾಸವಾಗುವವರೆಗೆ ಮುಟ್ಟಬೇಡಿ.

ಐದನೆಯದು: ಎಲ್ಲಿ ಕೊಳ್ಳುವುದು

ಸಾಧ್ಯವಾದರೆ ಫುಂಚಾಲಕ್ಕೇ ಹೋಗಿ. ಮಳಿಗೆಗಳಲ್ಲಿ ಸಣ್ಣ ಲೋಟದ ಲೆಕ್ಕದಲ್ಲಿ ರುಚಿ ನೋಡಲು ಕೊಡುತ್ತಾರೆ. ಪೂರ್ತಿ ಬಾಟಲಿಗೆ ದುಡ್ಡು ಹಾಕುವ ಮೊದಲು ನಾಲ್ಕು ತಳಿಗಳನ್ನೂ ಒಂದೇ ವಯಸ್ಸಿನಲ್ಲಿ ಪಕ್ಕಪಕ್ಕ ಇಟ್ಟು ಕುಡಿಯಿರಿ. ನಿಮಗೆ ಒಣ ಸೆರ್ಸಿಯಾಲ್ ಹಿಡಿಸುತ್ತದೋ, ಮಾಲ್ವಸಿಯಾ ಹಿಡಿಸುತ್ತದೋ ಎಂಬುದು ಆ ಒಂದು ಮಧ್ಯಾಹ್ನದಲ್ಲಿ ಇತ್ಯರ್ಥವಾಗುತ್ತದೆ. ಸಿಹಿ ಇಷ್ಟವಿಲ್ಲದವರು ಹೆಸರು ಕೇಳಿ ಮಾಲ್ವಸಿಯಾ ಕೂಡಿಹಾಕುವುದರಲ್ಲಿ ಅರ್ಥವಿಲ್ಲ.

ಲಂಡನ್, ಲಿಸ್ಬನ್, ಅಮೆರಿಕದ ನಗರಗಳಲ್ಲಿರುವ ಕನ್ನಡಿಗರಿಗೆ ಹಳೆಯ ವೈನ್‌ಗೇ ಮೀಸಲಾದ ವ್ಯಾಪಾರಿಗಳು ಸಿಗುತ್ತಾರೆ. ಹರಾಜು ಮೂರನೆಯ ದಾರಿ. ಅಲ್ಲಿ ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಶುಲ್ಕ ಬೇರೆ ಬೀಳುತ್ತದೆ, ಅನೇಕ ಕಡೆ 20 ಪ್ರತಿಶತಕ್ಕೂ ಮೇಲೆ. ಅದರ ಮೇಲೆ ತೆರಿಗೆ, ಸಾಗಣೆ. ಎಲ್ಲ ಸೇರಿಸಿದ ಮೊತ್ತವನ್ನು ಮೊದಲೇ ಬರೆದಿಟ್ಟುಕೊಂಡು, ಅದನ್ನು ಮೀರಿದ ಕ್ಷಣ ಕೈ ಕೆಳಗಿಳಿಸಿ.

ಹರಾಜಿನಲ್ಲಿ ದುಡ್ಡು ಕೊಡಬೇಕಾದದ್ದು ವೈನ್‌ನ ಪೂರ್ವಕತೆಗೆ. ಅಮೆರಿಕದ ನ್ಯೂಜೆರ್ಸಿಯ ಲಿಬರ್ಟಿ ಹಾಲ್ ಮ್ಯೂಸಿಯಂನ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ಆ ಹಳೆಯ ಬಂಗಲೆಯ ನೆಲಮಾಳಿಗೆಯನ್ನು ದುರಸ್ತಿ ಮಾಡುವಾಗ ಪಾನನಿಷೇಧದ ಕಾಲದ ಗೋಡೆಯೊಂದರ ಹಿಂದೆ 1796ರಷ್ಟು ಹಳೆಯ ಮಡೇರಾ ಬಾಟಲಿಗಳೂ ಡೆಮಿಜಾನ್‌ಗಳೂ ಸಿಕ್ಕವು. 2017ರಲ್ಲಿ ಅದು ದೊಡ್ಡ ಸುದ್ದಿಯಾಯಿತು. 2018ರ ಡಿಸೆಂಬರಿನಲ್ಲಿ ಅವುಗಳಲ್ಲಿ ಕೆಲವು ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿಗೆ ಬಂದಾಗ ಸಂಗ್ರಾಹಕರು ಪೈಪೋಟಿಗೆ ಬಿದ್ದರು. ಅಲ್ಲಿ ಬೆಲೆ ಕಟ್ಟಿದ್ದು ವಯಸ್ಸಿಗೆ ಮಾತ್ರವಲ್ಲ. ಆ ವೈನ್ ಬಹುಕಾಲ ಒಂದೇ ಮನೆಯಿಂದ ಕದಲಿರಲಿಲ್ಲ, ಅದಕ್ಕೆ ಪುರಾವೆಯೂ ಇತ್ತು.

ಆರನೆಯದು: ಬಾಟಲಿ ಪರೀಕ್ಷೆ

ಬೆಳಕಿಗೆ ಹಿಡಿದು ವೈನ್ ಮಟ್ಟ ನೋಡಿ. ಕುತ್ತಿಗೆಯೊಳಗೆ ಅಥವಾ ಭುಜದ ಮೇಲಂಚಿನಲ್ಲಿದ್ದರೆ ಚೆನ್ನ. ಮಟ್ಟ ಇಳಿದರೆ ಬೋರ್ಡೋಗೆ ಆಗುವಷ್ಟು ಅನಾಹುತ ಮಡೇರಾಕ್ಕೆ ಆಗದು. ಆದರೂ ಭುಜಕ್ಕಿಂತ ಕೆಳಗಿದ್ದರೆ ಬಿರಡೆ ಸೋತಿದೆ ಎಂದರ್ಥ, ಬೆಲೆಯಲ್ಲಿ ಅದು ಕಾಣಬೇಕು. ವೈನ್ ತಿಳಿಯಾಗಿರಬೇಕು, ಕದಡಿದಂತೆ ಮಬ್ಬಾಗಿದ್ದರೆ ಬಿಟ್ಟುಬಿಡಿ. ತಳದಲ್ಲಿ ಗಸಿ ಇರುವುದು ಸಹಜ.

ಮಡೇರಾ ವೈನ್ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಐವಿಬಿಎಎಂ. ಅದರ ಖಾತ್ರಿ ಮುದ್ರೆ ಕಾಗದದ ಪಟ್ಟಿಯಾಗಿ ಬಾಟಲಿಯ ಕತ್ತಿನ ಮೇಲೆ ಅಂಟಿರುತ್ತದೆ. ಈಚಿನ ದಶಕಗಳಲ್ಲಿ ತುಂಬಿದ ಬಾಟಲಿಯಲ್ಲಿ ಅದಿಲ್ಲದಿದ್ದರೆ ಪ್ರಶ್ನೆ ಕೇಳಿ. ಬಹಳ ಹಿಂದೆ ತುಂಬಿದವುಗಳಲ್ಲಿ ಇಲ್ಲದಿರುವುದು ತಪ್ಪಲ್ಲ. ಅಲ್ಲಿ ಗಾಜು, ಅರಗು, ಅಕ್ಷರಗಳ ಅಚ್ಚು ಒಂದಕ್ಕೊಂದು ಹೊಂದುತ್ತವೆಯೇ ನೋಡಬೇಕು. ಗಾಜು ತೀರ ಹೊಸದು, ಇಸವಿ ತೀರ ಹಳೆಯದು, ಬಾಟಲಿ ತುಂಬಿದ ವರ್ಷದ ಸುಳಿವೇ ಇಲ್ಲ: ಈ ಮೂರೂ ಕೂಡಿದರೆ ಅನುಮಾನಪಡಿ. ಬಿರಡೆ ಮಾತ್ರ ಹೊಸದಾಗಿದ್ದರೆ ಗಾಬರಿ ಬೇಡ, ಹಳೆಯ ಮಡೇರಾಕ್ಕೆ ಆಗಾಗ ಬಿರಡೆ ಬದಲಿಸುವುದು ವಾಡಿಕೆ. ಯಾರು, ಯಾವಾಗ ಬದಲಿಸಿದರು ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಏಳನೆಯದು: ಬೆಲೆಯ ಮೆಟ್ಟಿಲು

ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸ ಇದ್ದೇ ಇರುತ್ತದೆ, ಆದರೂ ಅಂದಾಜಿಗೆ ಹೇಳುತ್ತೇನೆ. ಯೂರೋಪಿನಲ್ಲಿ 10 ವರ್ಷದ ಒಳ್ಳೆಯ ಮಡೇರಾ 25ರಿಂದ 40 ಯೂರೋ ಆಸುಪಾಸು. ಕೊಲ್ಯೇಟಾ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. 1980, 1990ರ ದಶಕಗಳ ಫ್ರಸ್ಕೇರಾ ನೂರಿನ್ನೂರು ಯೂರೋಗಳಲ್ಲಿ ಶುರುವಾಗುತ್ತದೆ. ಎರಡನೇ ಮಹಾಯುದ್ಧಕ್ಕಿಂತ ಹಿಂದಿನವು ಅದರ ಎಷ್ಟೋ ಪಟ್ಟು. 19ನೇ ಶತಮಾನದ್ದು ಸಾವಿರಗಳ ಮಾತು.

ನನ್ನ ಸಲಹೆ: ಮೊದಲ ವರ್ಷ 10 ವರ್ಷದ ಮಿಶ್ರಣಗಳು ಮತ್ತು ಕೊಲ್ಯೇಟಾಗಳಲ್ಲೇ ಕಳೆಯಿರಿ. ನಾಲಿಗೆ ಪಳಗಲಿ. ಆಮೇಲೆ ನಿಮ್ಮ ಮೆಚ್ಚಿನ ತಳಿಯಲ್ಲಿ, 1970ರಿಂದ 1990ರವರೆಗಿನ ಫ್ರಸ್ಕೇರಾಗಳತ್ತ ಹೋಗಿ. ಇವು ಇವತ್ತೂ ಕೈಗೆಟಕುತ್ತವೆ, ಗುಣದಲ್ಲಿ ಯಾವುದಕ್ಕೂ ಕಡಿಮೆಯಲ್ಲ, ಮತ್ತು ಮುಂದೆ ಸಿಗದೆ ಹೋಗುವ ಸರದಿ ಇವುಗಳದ್ದೇ. ಇದ್ದ ಹಣವನ್ನೆಲ್ಲ ಕೂಡಿಸಿ ಒಂದು 1850ರ ಬಾಟಲಿ ಕೊಳ್ಳುವುದಕ್ಕಿಂತ ಇಂಥ ನಾಲ್ಕೈದು ಬಾಟಲಿ ಕೊಂಡವರು ಹೆಚ್ಚು ಕಲಿಯುತ್ತಾರೆ, ಹೆಚ್ಚು ಸಂತೋಷಪಡುತ್ತಾರೆ. ತೀರ ಹಳೆಯದನ್ನು ಸವಿಯಲೇಬೇಕೆಂದರೆ ಸಮಾನಾಸಕ್ತರು ಸೇರಿ ಒಂದನ್ನು ಹಂಚಿಕೊಳ್ಳಿ. ಒಬ್ಬರಿಗೆ ಅರವತ್ತು ಮಿಲಿಲೀಟರ್ ಬಂದರೂ ಆ ಸಂಜೆಗೆ ಸಾಕು.

ಬೆಲೆ ಏರುತ್ತಿದೆ ಎಂದು ಲಾಭಕ್ಕಾಗಿ ಕೂಡಿಹಾಕುವವರಿಗೆ ಇದನ್ನು ಹೇಳಲೇಬೇಕು: ಮಡೇರಾದ ಮಾರುಕಟ್ಟೆ ಕಿರಿದು, ಬೇಕೆಂದಾಗ ಕೊಳ್ಳುವವರು ಸಿಗುವುದಿಲ್ಲ, ಮಾರುವಾಗ ಹರಾಜಿನವರ ಪಾಲು ಕಳೆಯುತ್ತದೆ. ಭಾರತದಲ್ಲಂತೂ ಖಾಸಗಿಯಾಗಿ ಮದ್ಯ ಮಾರುವುದು ಕಾನೂನಿಗೆ ವಿರುದ್ಧ. ಕುಡಿಯಲು ಕೊಳ್ಳಿ.

ಎಂಟನೆಯದು: ಮನೆಗೆ ತರುವುದು, ಇಡುವುದು

ಭಾರತಕ್ಕೆ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್. ಎಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಮೀರಿದರೆ ಭಾರಿ ಸುಂಕ. ಮದ್ಯಸಾರ 24 ಪ್ರತಿಶತಕ್ಕಿಂತ ಕಡಿಮೆ ಇರುವುದರಿಂದ ಚೆಕ್-ಇನ್ ಸಾಮಾನಿನಲ್ಲಿ ಹಾಕಲು ವಿಮಾನದ ನಿಯಮಗಳು ಅಡ್ಡಿ ಬರುವುದಿಲ್ಲ. ಬಟ್ಟೆಯಲ್ಲಿ ದಪ್ಪಗೆ ಸುತ್ತಿ ಪೆಟ್ಟಿಗೆಯ ನಡುಮಧ್ಯದಲ್ಲಿಡಿ. ಮನೆಯಲ್ಲಿ ಎಷ್ಟು ವೈನ್ ಇಟ್ಟುಕೊಳ್ಳಬಹುದು ಎಂಬುದಕ್ಕೆ ಪ್ರತಿ ರಾಜ್ಯಕ್ಕೂ ಅದರದೇ ಮಿತಿ ಇದೆ. ಕರ್ನಾಟಕದಲ್ಲಿರುವವರು ಸಂಗ್ರಹ ಶುರು ಮಾಡುವ ಮುನ್ನ ಅಬಕಾರಿ ಇಲಾಖೆಯ ಈಗಿನ ಮಿತಿಯನ್ನು ಖಚಿತಪಡಿಸಿಕೊಳ್ಳಬೇಕು.

ಇಡುವ ವಿಷಯದಲ್ಲಿ ಮಡೇರಾದಷ್ಟು ಸಾಧು ವೈನ್ ಇನ್ನೊಂದಿಲ್ಲ. ಬೇರೆ ವೈನ್‌ಗಳಿಗೆ ಬೇಕಾದ ತಂಪು ಕಪಾಟು ಇದಕ್ಕೆ ಬೇಡ, ಬೆಂಗಳೂರಿನ ಬೇಸಿಗೆಯನ್ನು ಅದು ಲೆಕ್ಕಿಸುವುದಿಲ್ಲ. ಬಿಸಿಲು ಬೀಳದ, ಒಲೆಯಿಂದ ದೂರದ ಒಂದು ಕಪಾಟು ಸಾಕು. ಒಂದು ನಿಯಮ ಮಾತ್ರ ಮುರಿಯಬೇಡಿ: ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಉಳಿದ ವೈನ್‌ಗಳಂತೆ ಮಲಗಿಸಿದರೆ ಇದರ ಹುಳಿ ಮತ್ತು ಮದ್ಯಸಾರ ಬಿರಡೆಯನ್ನೇ ತಿಂದುಹಾಕುತ್ತವೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಾಗದದ ಲೇಬಲ್‌ಗೆ ಬೂಸ್ಟು ಹಿಡಿಯುತ್ತದೆ. ಬಾಟಲಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಲೇಬಲ್ಲಿನ ಚಿತ್ರ ತೆಗೆದಿಟ್ಟುಕೊಳ್ಳಿ. ಹಾಗೆಯೇ ಒಂದು ಪುಸ್ತಕದಲ್ಲಿ ಪ್ರತಿ ಬಾಟಲಿಯ ಎರಡೂ ಇಸವಿ, ಕೊಂಡ ಜಾಗ, ರಸೀದಿ, ಬಿರಡೆಯ ಸ್ಥಿತಿ ಬರೆದಿಡಿ. ಬಾಟಲಿ ಮುಂದೆ ಯಾರ ಕೈಗೆ ಹೋದರೂ ಆ ಬರಹ ಅದರ ಜೊತೆಗಿರಬೇಕು.

ಒಂಬತ್ತನೆಯದು: ತೆರೆಯುವುದು

ಹಳೆಯ ಬಾಟಲಿಯನ್ನು ಅತಿಥಿಗಳು ಬಂದ ಮೇಲೆ ತೆರೆಯುವುದು ಸಲ್ಲ. ಹತ್ತಾರು ವರ್ಷ ಗಾಜಿನೊಳಗೆ ಉಸಿರುಕಟ್ಟಿ ಕೂತ ವೈನ್, ಬಿರಡೆ ತೆಗೆದ ಕ್ಷಣ ಮುಗ್ಗಲು ಮುಗ್ಗಲು ನಾರುತ್ತದೆ. ಕೆಟ್ಟಿದೆ ಎಂದು ಚೆಲ್ಲಬೇಡಿ, ಅದಕ್ಕೆ ಗಾಳಿ ಬೇಕು. ಬಾಟಲಿಯಲ್ಲಿ ಕಳೆದ ಪ್ರತಿ ಹತ್ತು ವರ್ಷಕ್ಕೆ ಒಂದು ದಿನ ಗಾಳಿಗಿಡಿ ಎಂದು ಸಂಗ್ರಾಹಕರ ನಡುವೆ ಒಂದು ಲೆಕ್ಕ ಚಾಲ್ತಿಯಲ್ಲಿದೆ. ಇಲ್ಲಿಯೂ ಆ ಎರಡನೆಯ ಇಸವಿಯೇ ಬೇಕು: 1950ರಲ್ಲಿ ತುಂಬಿದ ಬಾಟಲಿಗೆ ವಾರ ಹಿಡಿಯುತ್ತದೆ, ಮೊನ್ನೆ ಮೊನ್ನೆ ತುಂಬಿದ 1920ರ ವೈನ್‌ಗೆ ಒಂದೆರಡು ದಿನ ಸಾಕು.

ಅರಗನ್ನು ಚಾಕುವಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ ಬಿಡಿಸಿ, ಒದ್ದೆ ಬಟ್ಟೆಯಿಂದ ಚೂರುಗಳನ್ನು ಒರೆಸಿ. ಹಳೆಯ ಬಿರಡೆ ಸುರುಳಿ ಚುಚ್ಚಿದರೆ ಪುಡಿಯಾಗುತ್ತದೆ. ಎರಡು ತೆಳು ಅಲಗುಗಳನ್ನು ಬಿರಡೆಯ ಪಕ್ಕದಲ್ಲಿ ಇಳಿಸಿ ತಿರುಗಿಸುತ್ತಾ ಎತ್ತುವ ಸಾಧನ ಸಿಗುತ್ತದೆ, ಅದನ್ನು ಕೊಂಡಿಟ್ಟುಕೊಳ್ಳಿ. ಪುಡಿಯಾದರೂ ಚಿಂತೆಯಿಲ್ಲ, ತೆಳು ಬಟ್ಟೆಯಲ್ಲಿ ಸೋಸಿದರಾಯಿತು. ಗಸಿ ಕದಡದಂತೆ ಒಂದೇ ಓಟದಲ್ಲಿ ಗಾಜಿನ ಹೂಜಿಗೆ ಬಗ್ಗಿಸಿ, ಬಾಟಲಿಯನ್ನು ನೀರಿನಿಂದ ತೊಳೆದು ಚೆನ್ನಾಗಿ ಬಸಿದು, ವೈನನ್ನು ಮತ್ತೆ ಅದಕ್ಕೇ ತುಂಬಿ. ದಿನಕ್ಕೊಮ್ಮೆ ಮೂಸಿ ನೋಡುತ್ತಿರಿ. ಮುಗ್ಗಲು ಹೋಗಿ ಒಣ ಏಪ್ರಿಕಾಟ್, ಕಿತ್ತಳೆ ಸಿಪ್ಪೆ, ಹುರಿದ ಅಕ್ರೋಟು, ಹಳೆಯ ಮರದ ಪೆಟ್ಟಿಗೆಯ ವಾಸನೆ ಏಳತೊಡಗಿದಾಗ ಸಿದ್ಧವಾಯಿತು.

ಫ್ರಿಜ್ಜಿನ ತಣ್ಣಗೆ ಬೇಡ. ಸೆರ್ಸಿಯಾಲ್, ವರ್ಡೆಲ್ಯೊಗಳನ್ನು ತುಸು ತಂಪಾಗಿ, ಬುವಾಲ್, ಮಾಲ್ವಸಿಯಾಗಳನ್ನು ಹವಾನಿಯಂತ್ರಿತ ಕೋಣೆಯ ಹದದಲ್ಲಿ ಕುಡಿಯಿರಿ. ಲೋಟ ತೀರ ಪುಟ್ಟದಾಗಿದ್ದರೆ ಪರಿಮಳ ಏಳುವುದಿಲ್ಲ, ಸಾಮಾನ್ಯ ಬಿಳಿ ವೈನ್ ಲೋಟದಲ್ಲಿ ಎರಡು ಬೆರಳಷ್ಟು ಹಾಕಿ. ಸೆರ್ಸಿಯಾಲ್ ಜೊತೆ ಉಪ್ಪು ಹಚ್ಚಿ ಹುರಿದ ಬಾದಾಮಿ, ಬುವಾಲ್ ಜೊತೆ ಗಟ್ಟಿ ಚೀಸ್ ಚೆನ್ನಾಗಿ ಹೊಂದುತ್ತವೆ. ತೀರ ಹಳೆಯದರ ಜೊತೆ ಮಾತ್ರ ಏನೂ ತಿನ್ನಬೇಡಿ.

ಒಂದೇ ಸಲಕ್ಕೆ ಬಾಟಲಿ ಮುಗಿಸುವ ಒತ್ತಡ ಇಲ್ಲ. ತೆರೆದ ಮಡೇರಾ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಹೊಸ ಬಿರಡೆ ಹಾಕಿ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಅರ್ಧಕ್ಕಿಂತ ಕೆಳಗಿಳಿದಾಗ ಶುಚಿಯಾದ ಚಿಕ್ಕ ಬಾಟಲಿಗೆ ಬಗ್ಗಿಸಿ, ಅದರ ಮೇಲೆ ತಳಿ, ಎರಡೂ ಇಸವಿ ಮತ್ತು ತೆರೆದ ದಿನಾಂಕವನ್ನು ಬರೆದು ಅಂಟಿಸಿ.